ರಕ್ತ, ನುಡಿ, ಬಲಿಪೀಠ, ಆಚಾರ: ಹೆರೊಡೋಟಸನ ಒಂದು ವಾಕ್ಯದ ವಿಮರ್ಶೆ

ದೈವಶಾಸ್ತ್ರದ ಪಾಠಗಳಲ್ಲಿ ‘ಗ್ರೀಕ್’ ಎಂಬ ವಿಶೇಷಣಕ್ಕೆ ದೊರೆತಿರುವ ಅಧಿಕಾರ ಸಣ್ಣದಲ್ಲ. ‘ಗ್ರೀಕ್ ಚಿಂತನೆ’, ‘ಗ್ರೀಕ್ ಮನಸ್ಸು’, ‘ಗ್ರೀಕ್ ಸಂಸ್ಕೃತಿ’ ಎಂದು ನಾವು ಹೇಳುವಾಗ, ಹೀಬ್ರೂ ಮನಸ್ಸಿಗೆ ಎದುರಾಗಿ ನಿಂತ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ವಸ್ತುವೊಂದು ನಮ್ಮ ಕಣ್ಮುಂದೆ ಇರುತ್ತದೆ. ಅಥೆನ್ಸಿಗೂ ಜೆರುಸಲೇಮಿಗೂ ಏನು ನಂಟೆಂದು ತೆರ್ತುಲಿಯನ್ ಪ್ರಶ್ನಿಸಿದ್ದು ಈ ಚಿತ್ರದ ಮೊದಲ ರೇಖೆಗಳಲ್ಲಿ ಒಂದು. ಧರ್ಮಸಭೆಯ ಸಿದ್ಧಾಂತಗಳು ಶುಭಸಂದೇಶದ ನೆಲದಲ್ಲಿ ಗ್ರೀಕ್ ಮನೋಧರ್ಮವು ಬೆಳೆದುಕೊಂಡ ಫಸಲು ಎಂದು ಅಡಾಲ್ಫ್ ಹಾರ್ನಾಕ್ ವಾದಿಸಿದಾಗ ಆ ಚಿತ್ರಕ್ಕೆ ಬಣ್ಣ ತುಂಬಿತು. 2006ರ ಸೆಪ್ಟೆಂಬರಿನಲ್ಲಿ ರೇಗನ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಮಾತನಾಡಿದ ಪೋಪ್ ಹದಿನಾರನೆಯ ಬೆನೆಡಿಕ್ಟರು ಹಾರ್ನಾಕನ ನಿಲುವನ್ನು ನಿರಾಕರಿಸಿ, ವಿಶ್ವಾಸವನ್ನು ಗ್ರೀಕ್ ಪರಂಪರೆಯಿಂದ ಬಿಡಿಸುವ ಯತ್ನಗಳನ್ನು ಮೂರು ಅಲೆಗಳಾಗಿ ವಿಂಗಡಿಸಿ ವಿಮರ್ಶಿಸಿದರು. ಎರಡನೆಯ ಜಾನ್ ಪಾಲರು 1998ರ ‘ಫಿದೆಸ್ ಎತ್ ರಾಸಿಯೊ’ ವಿಶ್ವಪತ್ರದ 72ನೆಯ ಪರಿಚ್ಛೇದದಲ್ಲಿ ಭಾರತವನ್ನು ಹೆಸರಿಸಿಯೇ, ಗ್ರೀಕ್-ಲ್ಯಾಟಿನ್ ಚಿಂತನೆಯೊಡನೆ ನಡೆದ ಅಳವಡಿಕೆಯಿಂದ ಗಳಿಸಿದ್ದನ್ನು ಧರ್ಮಸಭೆ ಬಿಟ್ಟುಕೊಡಲಾಗದು ಎಂದು ನೆನಪಿಸಿದರು.

ಭಾರತದ ಗುರುಮಠಗಳಲ್ಲಿ ಈ ಚರ್ಚೆ ಎರಡು ಬಣಗಳಾಗಿ ಒಡೆಯುತ್ತದೆ. ವಿಶ್ವಾಸದ ಮೈಮೇಲಿನ ಗ್ರೀಕ್ ಉಡುಗೆಯನ್ನು ಕಳಚಿ ನಮ್ಮ ಉಡುಗೆಯನ್ನು ತೊಡಿಸಬೇಕೆನ್ನುವವರು ಒಂದು ಕಡೆ. ಅದು ಉಡುಗೆಯಲ್ಲ, ಚರ್ಮವೇ ಆಗಿಬಿಟ್ಟಿದೆ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತದವರು: ‘ಗ್ರೀಕ್’ ಎಂಬುದು ಒಂದೇ ವಸ್ತು, ಅದರ ಎಲ್ಲೆಕಟ್ಟು ಸ್ಪಷ್ಟ. ಈ ಒಮ್ಮತವನ್ನೇ ಒರೆಗೆ ಹಚ್ಚುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕೆ ಆಯ್ದುಕೊಂಡಿರುವುದು ಗ್ರೀಕ್‌ತನದ ವ್ಯಾಖ್ಯೆಯೆಂದು ಎಲ್ಲೆಡೆ ಉದ್ಧರಿಸಲ್ಪಡುವ ಒಂದೇ ಒಂದು ವಾಕ್ಯ. ಅದು ಇರುವುದು ಹೆರೊಡೋಟಸನ ಇತಿಹಾಸದ ಎಂಟನೆಯ ಭಾಗದ 144ನೆಯ ಅಧ್ಯಾಯದಲ್ಲಿ. ಅಲ್ಲಿ ಅಥೆನ್ಸಿನವರು ‘ಹೆಲೆನಿಕೊನ್’, ಅಂದರೆ ಗ್ರೀಕ್‌ತನವನ್ನು ನಾಲ್ಕು ಎಳೆಗಳಾಗಿ ಬಿಡಿಸುತ್ತಾರೆ: ಸಮಾನ ರಕ್ತ, ಸಮಾನ ನುಡಿ, ಎಲ್ಲರಿಗೂ ಸೇರಿದ ದೇವಸ್ಥಾನಗಳು ಹಾಗೂ ಬಲಿಗಳು, ಒಂದೇ ಬಗೆಯ ಆಚಾರ. ಈ ವಾಕ್ಯ ವ್ಯಾಖ್ಯೆಯಲ್ಲ, ವಾದ; ಅದನ್ನು ದಾಖಲಿಸಿದ ಇತಿಹಾಸಕಾರನೇ ತನ್ನ ಕೃತಿಯ ಉದ್ದಕ್ಕೂ ಅದರ ನಾಲ್ಕು ಎಳೆಗಳನ್ನೂ ಸಡಿಲಿಸಿಟ್ಟಿದ್ದಾನೆ ಎಂಬುದು ಇಲ್ಲಿನ ಪ್ರತಿಪಾದನೆ.

ವಾಕ್ಯ ಹುಟ್ಟಿದ ಗಳಿಗೆ

ಕ್ರಿ.ಪೂ. 480ರ ಸಲಾಮಿಸ್ ಕದನದಲ್ಲಿ ಸೋತ ಪರ್ಷಿಯದ ದೊರೆ ಕ್ಸೆರ್ಕ್ಸಿಸ್ ಹಿಂದಿರುಗಿದ್ದಾನೆ. ಸೇನಾನಿ ಮಾರ್ಡೋನಿಯಸ್ ಚಳಿಗಾಲವನ್ನು ಥೆಸಲಿಯಲ್ಲಿ ಕಳೆದು ಅಥೆನ್ಸಿಗೆ ಸಂಧಾನದ ಕರೆ ಕಳುಹಿಸುತ್ತಾನೆ. ಕರೆ ಹೊತ್ತು ಬಂದವನು ಮ್ಯಾಸಿಡೋನಿಯದ ಅರಸ ಮೊದಲನೆಯ ಅಲೆಕ್ಸಾಂಡರ್. ಅಥೆನ್ಸ್ ಎಲ್ಲಿ ಶತ್ರುವಿನೊಡನೆ ಕೈಜೋಡಿಸುವುದೋ ಎಂಬ ಭಯದಿಂದ ಸ್ಪಾರ್ಟದ ದೂತರೂ ಓಡಿಬರುತ್ತಾರೆ. ಅವರು ಬಂದೇ ಬರುವರೆಂದು ಬಲ್ಲ ಅಥೆನ್ಸಿನವರು ಬೇಕೆಂದೇ ಉತ್ತರವನ್ನು ತಡಮಾಡಿದರು ಎಂದು ಹೆರೊಡೋಟಸ್ ಹೇಳುತ್ತಾನೆ. ಸ್ಪಾರ್ಟದವರ ಕಿವಿಗೆ ಬೀಳುವಂತೆಯೇ ಆ ಮಾತು ಆಡಬೇಕಿತ್ತು. ಆದ್ದರಿಂದ ಈ ವಾಕ್ಯ ಸಭೆಯೊಂದರಲ್ಲಿ, ಶ್ರೋತೃಗಳನ್ನು ಮುಂದಿಟ್ಟುಕೊಂಡು, ಲಾಭನಷ್ಟದ ಎಣಿಕೆಯೊಳಗೆ ಹುಟ್ಟಿದ್ದು.

ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಅಥೆನ್ಸಿನವರು ಕೊಟ್ಟ ಮೊದಲ ಕಾರಣ ಗ್ರೀಕ್‌ತನವಲ್ಲ. ಸುಟ್ಟುಹೋದ ತಮ್ಮ ದೇವಮೂರ್ತಿಗಳ, ದೇವಾಲಯಗಳ ಸೇಡು. ಗ್ರೀಕ್‌ತನದ ಮಾತು ಬರುವುದು ಅದರ ನಂತರ. ಇನ್ನೊಂದು, ಕೆಲವೇ ತಿಂಗಳುಗಳ ಬಳಿಕ ಮಾರ್ಡೋನಿಯಸ್ ಮತ್ತೆ ಅಟ್ಟಿಕದ ಮೇಲೆ ಬಿದ್ದಾಗ ಸ್ಪಾರ್ಟ ತನ್ನ ಹಯಸಿಂಥಿಯ ಹಬ್ಬದಲ್ಲಿ ತೊಡಗಿ ನೆರವನ್ನು ಮುಂದೂಡುತ್ತ ಹೋಯಿತು. ಆಗ ಅದೇ ಅಥೆನ್ಸಿನ ದೂತರು, ಹೀಗೇ ಆದರೆ ತಾವು ಪರ್ಷಿಯದೊಡನೆ ಒಪ್ಪಂದ ಮಾಡಿಕೊಂಡು ಅದು ಕರೆದೊಯ್ದ ಕಡೆ ಸಾಗುವೆವು ಎಂದು ಎಚ್ಚರಿಸುತ್ತಾರೆ (9.11). ಸೂರ್ಯ ತನ್ನ ಪಥ ಬಿಡದಿರುವ ತನಕ ಸಂಧಾನವಿಲ್ಲ ಎಂದವರೇ ಇವರು. ಎಂಟನೆಯ ಭಾಗವನ್ನು ಓದಿ ಒಂಬತ್ತನೆಯದನ್ನು ತೆರೆಯದವನಿಗೆ ಆ ನಾಲ್ಕು ಎಳೆಗಳು ಶಿಲಾಶಾಸನದಂತೆ ತೋರುತ್ತವೆ. ಎರಡನ್ನೂ ಓದಿದವನಿಗೆ ಅವು ಬಿಗಿದಷ್ಟೇ ಸಡಿಲಗೊಳ್ಳುವ ಹಗ್ಗವೆಂದು ತಿಳಿಯುತ್ತದೆ.

ಮೊದಲ ಎಳೆ: ರಕ್ತ

ಸಂಧಾನ ಹೊತ್ತು ತಂದ ಅಲೆಕ್ಸಾಂಡರನನ್ನೇ ನೋಡೋಣ. ಅವನು ಒಲಿಂಪಿಯದಲ್ಲಿ ಓಟಕ್ಕಿಳಿದಾಗ, ಈ ಸ್ಪರ್ಧೆ ಪರಜನರಿಗಲ್ಲ ಎಂದು ಎದುರಾಳಿಗಳು ತಡೆದರು. ತನ್ನ ಮನೆತನ ಆರ್ಗೋಸಿನದೆಂದು ರುಜುವಾತುಪಡಿಸಿದ ಮೇಲೆಯೇ ಅವನು ಗ್ರೀಕನೆಂದು ತೀರ್ಮಾನವಾಯಿತು (5.22). ಅಂದರೆ ರಕ್ತವು ತಾನಾಗಿ ಮಾತಾಡಲಿಲ್ಲ. ತೀರ್ಪುಗಾರರ ಮುಂದೆ ಅದರ ಪರವಾಗಿ ವಾದಿಸಬೇಕಾಯಿತು.

ಅಥೆನ್ಸಿನವರ ಮೂಲವಾದರೂ ಎಂಥದು? ಅವರು ಪೆಲಾಸ್ಗಿ ಜನ, ಪೆಲಾಸ್ಗಿಗಳ ನುಡಿ ಗ್ರೀಕ್ ಅಲ್ಲ, ಗ್ರೀಕರಾಗುವಾಗ ಅವರು ಭಾಷೆಯನ್ನು ಹೊಸದಾಗಿ ಕಲಿತಿರಬೇಕು ಎಂಬುದು ಹೆರೊಡೋಟಸನ ತರ್ಕ (1.57). ಸ್ಪಾರ್ಟದ ಮುಂದೆ ಸಮಾನ ರಕ್ತದ ಮಾತಾಡಿದವರು ಲೇಖಕನ ಎಣಿಕೆಯಲ್ಲಿ ಮೂಲತಃ ಗ್ರೀಕರೇ ಅಲ್ಲ. ತಾವು ಈ ಮಣ್ಣಿನಿಂದಲೇ ಮೂಡಿದವರೆಂದು ಹೆಮ್ಮೆಪಡುತ್ತಿದ್ದ, ತಂದೆತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಪೌರತ್ವವೆಂದು ಪೆರಿಕ್ಲಿಸನ ಕಾಲದಲ್ಲಿ, ಕ್ರಿ.ಪೂ. 451ರ ಸುಮಾರಿಗೆ, ಕಾನೂನು ಮಾಡಿದ ನಗರದ ಬಗ್ಗೆ ಇದು ಬಲು ದಿಟ್ಟ ಹೇಳಿಕೆ.

ಇನ್ನೂ ಕಟುವಾದದ್ದು ಮಿಲೇಟಸಿನ ಕಥೆ (1.146). ಅಯೋನಿಯನ್ನರಲ್ಲೆಲ್ಲ ತಾವೇ ಶುದ್ಧರೆಂದುಕೊಂಡು ಅಥೆನ್ಸಿನಿಂದ ಹೊರಟವರು ತಮ್ಮೊಡನೆ ಹೆಂಗಸರನ್ನು ತರಲಿಲ್ಲ. ಕಾರಿಯ ನಾಡಿನ ಗಂಡಸರನ್ನು ಕೊಂದು ಅವರ ಮನೆಯ ಹೆಣ್ಣುಮಕ್ಕಳನ್ನು ಮದುವೆಯಾದರು. ಆ ಹೆಂಗಸರು ಗಂಡನೊಡನೆ ಕೂತು ಉಣ್ಣುವುದಿಲ್ಲ, ಗಂಡನ ಹೆಸರು ಹಿಡಿದು ಕರೆಯುವುದಿಲ್ಲ ಎಂದು ಆಣೆಯಿಟ್ಟು, ಅದನ್ನು ಮಗಳಿಂದ ಮಗಳಿಗೆ ದಾಟಿಸಿದರು. ಗಂಡನ ಹೆಸರು ಹೇಳದಿರುವುದನ್ನು ಗೌರವದ ನಡವಳಿಕೆಯೆಂದು ಕಂಡುಬಲ್ಲ ನಮ್ಮ ಓದುಗರು ಇಲ್ಲಿ ತುಸು ನಿಲ್ಲಬೇಕು: ಮಿಲೇಟಸಿನಲ್ಲಿ ಅದು ಕೊಲೆಯಾದ ತಂದೆಯರ ನೆನಪು. ಶುದ್ಧರಕ್ತದ ಹೆಮ್ಮೆಯ ಮನೆಯೊಳಗೆ ಮೌನವೊಂದು ಊಟಕ್ಕೆ ಕೂತಿದೆ ಎಂಬುದನ್ನು ಹೆರೊಡೋಟಸ್ ಒಂದೇ ಅಧ್ಯಾಯದಲ್ಲಿ ತೋರಿಸಿ ಮುಂದೆ ಸಾಗುತ್ತಾನೆ.

ಇದು ಅವನೊಬ್ಬನ ಕಣ್ಣಲ್ಲ. ಸಲಾಮಿಸಿನ ಎಂಟು ವರ್ಷಗಳ ಬಳಿಕ, ಕ್ರಿ.ಪೂ. 472ರಲ್ಲಿ, ಅಥೆನ್ಸಿನ ರಂಗದ ಮೇಲೆ ಬಂದ ಈಸ್ಕಿಲಸನ ನಾಟಕದಲ್ಲಿ—ಬಿ.ಎಂ.ಶ್ರೀ. ಅವರ ‘ಪಾರಸಿಕರು’ ಮೂಲಕ ಕನ್ನಡಕ್ಕೂ ಬಂದ ನಾಟಕವಿದು—ಪರ್ಷಿಯದ ರಾಣಿ ಕನಸಿನಲ್ಲಿ ಇಬ್ಬರು ಹೆಂಗಸರನ್ನು ಕಾಣುತ್ತಾಳೆ. ಒಬ್ಬಳದು ಪರ್ಷಿಯದ ಉಡುಗೆ, ಇನ್ನೊಬ್ಬಳದು ಡೋರಿಯನ್ ಉಡುಗೆ. ಆದರೆ ಇಬ್ಬರೂ ಒಂದೇ ಕುಲದ ಸೋದರಿಯರು. ತಮ್ಮ ನಗರವನ್ನು ಸುಟ್ಟವರನ್ನು ಸೋದರಿಯ ಮಕ್ಕಳೆಂದು ಕೇಳಿಸಿಕೊಳ್ಳಬಲ್ಲ ಪ್ರೇಕ್ಷಕರು ಅಲ್ಲಿದ್ದರು.

ಎರಡನೆಯ ಎಳೆ: ನುಡಿ

ಗ್ರೀಕರಲ್ಲದವರನ್ನು ಕರೆಯುವ ‘ಬಾರ್ಬರೋಸ್’ ಎಂಬ ಪದ ಅರ್ಥವಾಗದ ಮಾತಿನ ಸದ್ದನ್ನು ಅನುಕರಿಸಿ ಹುಟ್ಟಿದ್ದು. ಹೋಮರನಲ್ಲಿ ಗ್ರೀಕರಿಗೆಲ್ಲ ಒಟ್ಟಾಗಿ ‘ಹೆಲೆನರು’ ಎಂಬ ಹೆಸರಿಲ್ಲ, ಆದ್ದರಿಂದಲೇ ಅವರಿಗೆ ಎದುರಾದ ಹೆಸರೂ ಇಲ್ಲ ಎಂದು ಥುಸಿಡೈಡಿಸ್ ಸೂಕ್ಷ್ಮವಾಗಿ ಗುರುತಿಸಿದ (1.3). ‘ಇಲಿಯಡ್’ ಕಾವ್ಯದಲ್ಲಿ ಒರಟು ನುಡಿಯವರೆಂಬ ವಿಶೇಷಣ ಒಂದೇ ಕಡೆ ಬರುತ್ತದೆ. ಅದು ಕಾರಿಯದ ಜನಕ್ಕೆ. ಕಾರಿಯದ ಅಂಚಿನಲ್ಲಿದ್ದ ಹಾಲಿಕಾರ್ನಾಸಸ್ ಹೆರೊಡೋಟಸನ ಹುಟ್ಟೂರು. ಅವನ ತಂದೆಯದೆಂದು ಪರಂಪರೆ ಹೇಳುವ ‘ಲಿಕ್ಸಿಸ್’ ಎಂಬ ಹೆಸರೂ ಬಂಧು ಕವಿ ಪಾನ್ಯಾಸಿಸನ ಹೆಸರೂ ಕಾರಿಯ ಮೂಲದವು. ಊರು ಡೋರಿಯನ್ನರು ನೆಲೆಗೊಳಿಸಿದ್ದು. ಅವನು ಬರೆದದ್ದು ಅಯೋನಿಯನ್ ಗ್ರೀಕಿನಲ್ಲಿ. ಗ್ರೀಕ್‌ತನದ ಪ್ರಸಿದ್ಧ ವಾಕ್ಯ ನಮಗೆ ಬಂದಿರುವುದು ಇಂಥ ಮೂರು ದಾರಿ ಕೂಡುವಲ್ಲಿ ಹುಟ್ಟಿದ ಲೇಖನಿಯಿಂದ.

ಗ್ರೀಕ್ ನುಡಿಯೂ ಒಂದೇ ಆಗಿರಲಿಲ್ಲ. ಏಷ್ಯದ ಅಯೋನಿಯನ್ ನಗರಗಳಲ್ಲೇ ನಾಲ್ಕು ಬಗೆಯ ಮಾತುಗಳಿದ್ದವೆಂದು ಅವನು ಪಟ್ಟಿಮಾಡುತ್ತಾನೆ (1.142). ಈಜಿಪ್ಟಿನವರು ತಮ್ಮ ನುಡಿಯಾಡದವರನ್ನೆಲ್ಲ ಪರಜನರೆಂದು ಕರೆಯುತ್ತಾರೆ ಎಂದು ಇನ್ನೊಂದೆಡೆ ಸಹಜವಾಗಿ ಸೇರಿಸುತ್ತಾನೆ (2.158). ಗ್ರೀಕರು ಊರಿಗೆಲ್ಲ ಹಿಡಿದ ಕನ್ನಡಿಯನ್ನು ಯಾರೋ ಅವರತ್ತಲೂ ಹಿಡಿದಿದ್ದಾರೆ.

ಮೂರನೆಯ ಎಳೆ: ಬಲಿಪೀಠ

ಗುರುಮಠದ ಓದುಗರಿಗೆ ಮುಖ್ಯವಾದ ಎಳೆ ಇದು. ಡೆಲ್ಫಿ, ಒಲಿಂಪಿಯದಂಥ ಕ್ಷೇತ್ರಗಳಲ್ಲಿ ನಗರಭೇದವಿಲ್ಲದೆ ಗ್ರೀಕರು ಕೂಡುತ್ತಿದ್ದರೆಂಬುದು ನಿಜ. ಆದರೆ ಬಲಿಪೀಠ ಕೂಡಿಸಿದಷ್ಟೇ ಬೇರ್ಪಡಿಸುತ್ತಿತ್ತು. ಅಯೋನಿಯದ ಹನ್ನೆರಡು ನಗರಗಳು ತಮ್ಮ ಪಾನಿಯೋನಿಯನ್ ಕ್ಷೇತ್ರವನ್ನು ಇತರ ಅಯೋನಿಯನ್ನರಿಗೆ ಹಂಚದಿರಲು ನಿರ್ಧರಿಸಿದವು. ಡೋರಿಯನ್ ನಗರಗಳು ಟ್ರಿಯೋಪಿಯನ್ ಕ್ಷೇತ್ರದಿಂದ ಒಂದು ನಗರವನ್ನೇ ಹೊರಹಾಕಿದವು: ಕ್ರೀಡೆಯಲ್ಲಿ ಗೆದ್ದ ಕಂಚಿನ ಮುಕ್ಕಾಲಿಯನ್ನು ದೇವರಿಗೆ ಅರ್ಪಿಸಬೇಕೆಂಬ ಕಟ್ಟಳೆಯನ್ನು ಮೀರಿ ಅಗಾಸಿಕ್ಲಿಸ್ ಎಂಬವನು ಅದನ್ನು ಮನೆಗೆ ಒಯ್ದು ಗೋಡೆಗೆ ಜಡಿದುಕೊಂಡ (1.144). ಹೊರಗಾದ ಆ ನಗರ ಹಾಲಿಕಾರ್ನಾಸಸ್, ಇತಿಹಾಸಕಾರನ ಸ್ವಂತ ಊರು. ಸಮಾನ ದೇವಸ್ಥಾನಗಳ ಮಾತನ್ನು ದಾಖಲಿಸಿದವನು, ದೇವಸ್ಥಾನದಿಂದ ಹೊರಗಾದ ಊರಿನ ಮಗ.

ಇದೇ ಸಾಲಿಗೆ ಸೇರುವ ಇನ್ನೊಂದು ಪ್ರಸಂಗ: ಸ್ಪಾರ್ಟದ ಅರಸ ಕ್ಲಿಯೋಮಿನಿಸ್ ಅಥೆನ್ಸಿನ ಕೋಟೆಗುಡ್ಡದ ಗರ್ಭಗುಡಿಗೆ ಕಾಲಿಡಲು ಹೋದಾಗ, ಡೋರಿಯನ್ನರಿಗೆ ಇಲ್ಲಿ ಪ್ರವೇಶವಿಲ್ಲ ಎಂದು ಅರ್ಚಕಿ ತಡೆದಳು. ತಾನು ಡೋರಿಯನ್ ಅಲ್ಲ, ಅಕಾಯನ್ ಎಂಬುದು ಅವನ ಉತ್ತರ (5.72). ಬಾಗಿಲಲ್ಲಿ ತಡೆದೊಡನೆ ಅರಸನೊಬ್ಬ ತನ್ನ ಕುಲದ ಹೆಸರನ್ನು ಬದಲಿಸಿ ಹೇಳಬಲ್ಲನಾದರೆ, ಕುಲದ ಗಡಿ ಎಷ್ಟು ಗಟ್ಟಿ? ಸ್ಪಾರ್ಟದ ದೂತರಿಗೆ ಸಮಾನ ದೇವಸ್ಥಾನಗಳನ್ನು ನೆನಪಿಸಿದವರು, ಸ್ಪಾರ್ಟದ ಅರಸನನ್ನು ತಮ್ಮ ಗುಡಿಯ ಬಾಗಿಲಲ್ಲಿ ನಿಲ್ಲಿಸಿದ ನಗರದವರೇ. ಇನ್ನು ದೇವರುಗಳ ಹೆಸರುಗಳೋ, ಬಹುಪಾಲು ಈಜಿಪ್ಟಿನಿಂದ ಬಂದವು ಎಂಬುದು ಹೆರೊಡೋಟಸನ ಅಭಿಮತ (2.50). ಇಂದಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಆದರೆ ತಮ್ಮ ದೇವರುಗಳ ಹೆಸರು ಪರದೇಶದ್ದೆಂದು ಭಾವಿಸಲು ಗ್ರೀಕನೊಬ್ಬನಿಗೆ ಹಿಂಜರಿಕೆ ಇರಲಿಲ್ಲ ಎಂಬುದೇ ಇಲ್ಲಿ ಮುಖ್ಯ.

ನಾಲ್ಕನೆಯ ಎಳೆ: ಆಚಾರ

ಆಚಾರದ ಬಗ್ಗೆ ಹೆರೊಡೋಟಸ್ ಹೇಳುವ ಪ್ರಸಿದ್ಧ ಕಥೆಯಲ್ಲಿ ಭಾರತೀಯರೂ ಇದ್ದಾರೆ (3.38). ದೊರೆ ಡರಾಯಸ್ ತನ್ನ ಆಸ್ಥಾನದ ಗ್ರೀಕರನ್ನು ಕರೆದು, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯ ದೇಹವನ್ನು ತಿನ್ನುವಿರಿ ಎಂದು ಕೇಳುತ್ತಾನೆ. ಯಾವ ಬೆಲೆಗೂ ಇಲ್ಲ ಎನ್ನುತ್ತಾರೆ. ಆಮೇಲೆ ತಂದೆತಾಯಿಯರ ದೇಹವನ್ನು ತಿನ್ನುವರೆನ್ನಲಾದ ಕಲಾಟಿಯ ಎಂಬ ಭಾರತೀಯರನ್ನು ಕರೆದು, ಎಷ್ಟು ಕೊಟ್ಟರೆ ಸುಡುವಿರಿ ಎಂದು ಕೇಳುತ್ತಾನೆ. ಅವರು ಅಂಥ ಮಾತನ್ನು ಆಡಲೇಬಾರದೆಂದು ಚೀರುತ್ತಾರೆ. ಇಂಥ ಭಾರತೀಯರು ಇದ್ದರೇ ಎಂಬುದು ಬೇರೆ ಪ್ರಶ್ನೆ. ಈ ಕಥೆಯಲ್ಲಿ ಗ್ರೀಕರಿಗೆ ನಡುಗದ್ದುಗೆ ಸಿಕ್ಕಿಲ್ಲ ಎಂಬುದನ್ನು ಗಮನಿಸಬೇಕು. ಪ್ರಶ್ನಿಸುವವನು ಪರ್ಷಿಯದವನು, ಗ್ರೀಕರು ಉತ್ತರಿಸುವ ಎರಡು ಗುಂಪುಗಳಲ್ಲಿ ಒಂದು, ಅಷ್ಟೇ. ಪ್ಲೂಟಾರ್ಕ್ ಮುಂದೆ ಹೆರೊಡೋಟಸನನ್ನು ಪರಜನಪ್ರೇಮಿ ಎಂದು ಹೀಗಳೆದದ್ದು ಸುಮ್ಮನೆ ಅಲ್ಲ.

ಆದರೂ ಹೆರೊಡೋಟಸನನ್ನು ನಮ್ಮ ಕಾಲದ ಸಾಪೇಕ್ಷತಾವಾದಿಯನ್ನಾಗಿ ಮಾಡುವುದು ತಪ್ಪು. ವಾದಕ್ಕೊಳಗಾದ ಗುರುತು ಸುಳ್ಳು ಗುರುತಲ್ಲ. ಸ್ಪಾರ್ಟದ 5,000 ಯೋಧರು ಕೊನೆಗೂ ರಾತ್ರೋರಾತ್ರಿ ಹೊರಟರು, ಕ್ರಿ.ಪೂ. 479ರಲ್ಲಿ ಪ್ಲಟೇಯದ ಬಯಲಿನಲ್ಲಿ ಜನ ಪ್ರಾಣ ಕೊಟ್ಟರು. ಆದರೆ ಅಲ್ಲಿ ಥೀಬ್ಸಿನ ಗ್ರೀಕರು ಪರ್ಷಿಯದ ಕಡೆ ನಿಂತು ಹೋರಾಡಿದರು. ಸಲಾಮಿಸಿನಲ್ಲಿ ಹಾಲಿಕಾರ್ನಾಸಸಿನ ಒಡತಿ ಆರ್ಟೆಮಿಸಿಯ ಕ್ಸೆರ್ಕ್ಸಿಸನ ಪರ ಹಡಗು ನಡೆಸಿದ್ದಳು. ಗೆಲುವಿನ ನೆನಪಿಗೆ ಡೆಲ್ಫಿಯಲ್ಲಿ ನಿಲ್ಲಿಸಿದ ಸರ್ಪಸ್ತಂಭ ಈಗ ಇಸ್ತಾಂಬುಲಿನಲ್ಲಿದೆ. ಅದರ ಮೇಲಿರುವ ಹೆಸರುಗಳು 31. ಕೋಪನ್‌ಹೇಗನ್ನಿನ ವಿದ್ವಾಂಸರು 2004ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಪ್ರಾಚೀನ ಗ್ರೀಕ್ ನಗರರಾಜ್ಯಗಳ ಸಂಖ್ಯೆ 1,035. ಇವೆಲ್ಲವೂ ಒಂದೇ ಕಾಲದವಲ್ಲ, ನಿಜ. ಆದರೂ ‘ಗ್ರೀಕರು ಪರ್ಷಿಯವನ್ನು ಎದುರಿಸಿದರು’ ಎಂಬ ಸರಳ ವಾಕ್ಯದೊಳಗೆ ಎಷ್ಟು ಮಂದಿ ಇಲ್ಲ ಎಂಬುದನ್ನು ಈ ಎರಡು ಅಂಕಿಗಳು ಸೂಚಿಸುತ್ತವೆ.

ಇಂದಿನ ವಿದ್ವತ್ತಿನ ಎರಡು ದಾರಿಗಳು

ಈ ವಾಕ್ಯದ ಬಗೆಗಿನ ಚರ್ಚೆಯನ್ನು ಈಚಿನ ದಶಕಗಳಲ್ಲಿ ಬಹುವಾಗಿ ರೂಪಿಸಿದವರು ಜೊನಾಥನ್ ಹಾಲ್. ಜನಾಂಗದ ಗುರುತು ರಕ್ತದಲ್ಲಿಲ್ಲ, ವಂಶಾವಳಿಯ ಕಥನದಲ್ಲಿದೆ ಎಂಬುದು ಅವರ 1997ರ ಗ್ರಂಥದ ತಿರುಳು. ಹೆಲೆನ್ ಎಂಬ ಮೂಲಪುರುಷ, ಅವನ ಮಕ್ಕಳು ಡೋರಸ್, ಸೂಥಸ್, ಈಯೋಲಸ್ ಎಂಬ ಕಥೆಯ ಮೂಲಕ ಗುಂಪುಗಳು ಒಂದೊಂದಾಗಿ ಕೂಡಿಕೊಂಡವು. ಪರ್ಷಿಯದೊಡನೆ ಕಾದ ಮೇಲೆ, ಎದುರಿಗೆ ಶತ್ರುವನ್ನಿಟ್ಟುಕೊಂಡು ತಮ್ಮನ್ನು ಕಾಣುವ ಬಗೆ ಬಲಗೊಂಡಿತು. ಭಾಷೆ, ಆರಾಧನೆಗಳು ಅವರ ಪ್ರಕಾರ ಗುರುತಿನ ಮಾನದಂಡಗಳಲ್ಲ, ಹೊರಗಿನ ಕುರುಹುಗಳು ಮಾತ್ರ. ಇರಾದ್ ಮಾಲ್ಕಿನ್ 2011ರ ತಮ್ಮ ಗ್ರಂಥದಲ್ಲಿ ಬೇರೊಂದು ದಾರಿ ಹಿಡಿದರು: ಕಡಲಾಚೆಯ ವಸಾಹತುಗಳು, ಕ್ಷೇತ್ರಗಳು, ಯಾತ್ರೆಗಳು ಹೆಣೆದ ಬಲೆಯಿಂದಲೇ ಗ್ರೀಕ್‌ತನ ಮೂಡಿತು, ದೂರ ಸರಿದಷ್ಟೂ ಅವರು ಹತ್ತಿರವಾದರು.

ಹಾಲ್ ಅವರ ಕೊಡುಗೆ ದೊಡ್ಡದು. ರಕ್ತದ ಎಳೆಯನ್ನು ಕಥನವೆಂದು ತೋರಿಸಿಕೊಟ್ಟದ್ದು ಮತ್ತೆ ಹಿಂದಕ್ಕೆ ಹೋಗಲಾಗದ ಹೆಜ್ಜೆ. ಆದರೆ ಆರಾಧನೆಯನ್ನು ಬರಿಯ ಕುರುಹೆಂದು ಬದಿಗಿಡುವುದು ಒಪ್ಪಿಗೆಯಾಗುವುದಿಲ್ಲ. ಅಲೆಕ್ಸಾಂಡರನ ವಂಶವನ್ನು ತೂಗಿ ನೋಡಿದ್ದು ಒಲಿಂಪಿಯದಲ್ಲಿ, ಜ್ಯೂಸನ ಕ್ಷೇತ್ರದಲ್ಲಿ. ಕ್ಲಿಯೋಮಿನಿಸನ ಕುಲ ಪ್ರಶ್ನೆಯಾದದ್ದು ಗರ್ಭಗುಡಿಯ ಹೊಸ್ತಿಲಲ್ಲಿ. ವಂಶಾವಳಿ ಅರ್ಜಿಯಾದರೆ ಬಲಿಪೀಠ ನ್ಯಾಯಾಲಯ. ಯಾರು ನಮ್ಮವರೆಂಬ ಪ್ರಶ್ನೆ ಬಲಿಗೆ ಯಾರನ್ನು ಸೇರಿಸಿಕೊಳ್ಳುತ್ತೇವೆ ಎಂಬಲ್ಲಿ ತೀರ್ಮಾನವಾಗುತ್ತದೆ. ಈ ವಿಷಯದಲ್ಲಿ ಮಾಲ್ಕಿನ್ ಅವರ ದಾರಿ ಹೆರೊಡೋಟಸನಿಗೆ ಹೆಚ್ಚು ನಿಷ್ಠವಾಗಿದೆ. ದೈವಶಾಸ್ತ್ರದ ಓದುಗನಿಗೂ ಹೆಚ್ಚು ಉಪಯುಕ್ತವಾಗಿದೆ.

ಗ್ರೀಕ್ ನುಡಿ, ಗ್ರೀಕರಲ್ಲದವರ ಬಾಯಲ್ಲಿ

ಕ್ರಿ.ಪೂ. 380ರ ಸುಮಾರಿಗೆ ಐಸೊಕ್ರಟೀಸ್, ಹೆಲೆನರೆಂಬ ಹೆಸರು ಈಗ ಕುಲಕ್ಕಿಂತ ಹೆಚ್ಚಾಗಿ ಚಿತ್ತಕ್ಕೆ ಸಲ್ಲುತ್ತದೆ, ತಮ್ಮ ಶಿಕ್ಷಣವನ್ನು ಪಡೆದವರಿಗೆ ಸಲ್ಲುತ್ತದೆ ಎಂದು ಹೇಳಿದ. ಇದನ್ನು ವಿಶ್ವಮಾನವತೆಯ ಘೋಷಣೆಯೆಂದು ಓದುವವರುಂಟು. ಆದರೆ ಆ ಭಾಷಣ ಅಥೆನ್ಸಿನ ಸ್ತುತಿ, ಪರ್ಷಿಯದ ಮೇಲೆ ದಂಡೆತ್ತಲು ಗ್ರೀಕರಿಗಿತ್ತ ಕರೆ. ಅಲ್ಲಿ ‘ತಮ್ಮ ಶಿಕ್ಷಣ’ವೆಂದರೆ ಅಥೆನ್ಸಿನ ಶಿಕ್ಷಣ, ಬಾಗಿಲು ತೆರೆದಂತೆ ಕಂಡರೂ ಕೀಲಿಕೈ ಒಂದೇ ಊರಿನಲ್ಲಿದೆ.

ಇತಿಹಾಸ ಅವನ ಎಣಿಕೆಯನ್ನು ಮೀರಿತು. ಮಹಾ ಅಲೆಕ್ಸಾಂಡರನ ನಂತರ ಗ್ರೀಕ್ ನುಡಿ ಗ್ರೀಕರಲ್ಲದವರ ಕೈಗೆ ಹೋಯಿತು. ಕಂದಹಾರದಲ್ಲಿ ಅಶೋಕನ ಹನ್ನೆರಡನೆಯ ಮತ್ತು ಹದಿಮೂರನೆಯ ಶಿಲಾಶಾಸನಗಳ ಭಾಗಗಳು ಗ್ರೀಕಿನಲ್ಲಿ ದೊರೆತಿವೆ. ಅಲ್ಲಿ ಧಮ್ಮಕ್ಕೆ ದೇವಭಕ್ತಿಯನ್ನು ಸೂಚಿಸುವ ‘ಯೂಸೆಬೆಯ’ ಎಂಬ ಪದ ನಿಂತಿದೆ. ಪರಪಂಥಗಳನ್ನು ಗೌರವಿಸಬೇಕೆಂಬ ಅದೇ ಹನ್ನೆರಡನೆಯ ಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಪ್ರಾಕೃತದಲ್ಲಿ ಸಿಕ್ಕಿದೆ. ಒಂದೇ ಮಾತು ಭೀಮಾ ತೀರದಲ್ಲಿ ಪ್ರಾಕೃತ, ಕಂದಹಾರದಲ್ಲಿ ಗ್ರೀಕ್. ‘ಯೂಸೆಬೆಯ’ ಆಗ ಗ್ರೀಕ್ ಚಿಂತನೆಯೋ, ಭಾರತೀಯ ಚಿಂತನೆಯೋ? ಮಕ್ಕಬಿಯರ ಎರಡನೆಯ ಗ್ರಂಥದ ಸಂಗತಿ ಇನ್ನೂ ವಿಶೇಷ. ಗ್ರೀಕ್ ಆಚಾರಗಳ ಹಾವಳಿಯನ್ನು ‘ಹೆಲೆನಿಸ್ಮೊಸ್’ ಎಂದು ಹೆಸರಿಸಿ ಖಂಡಿಸುವ (4:13) ಆ ಗ್ರಂಥ ಬರೆದಿರುವುದು ಗ್ರೀಕಿನಲ್ಲಿ. ಸೆಲ್ಯೂಸಿಡ್ ಪಡೆಗಳನ್ನು ಅದು ಕರೆಯುವುದು ಗ್ರೀಕರು ಪರರಿಗೆ ಬಳಸುತ್ತಿದ್ದ ‘ಬಾರ್ಬರ’ ಎಂಬ ಪದದಿಂದಲೇ (2:21). ನುಡಿಯ ಎಳೆ ಬಲಿಪೀಠದ ಎಳೆಯಿಂದ ಇಲ್ಲಿ ಪೂರ್ತಿ ಬಿಡಿಸಿಕೊಂಡಿದೆ.

ಕ್ರಿ.ಶ. 362ರಲ್ಲಿ ಚಕ್ರವರ್ತಿ ಜೂಲಿಯನ್ ಈ ಎರಡನ್ನೂ ಮತ್ತೆ ಗಂಟುಹಾಕಲು ನೋಡಿದ. ಹೋಮರನ ದೇವರುಗಳನ್ನು ನಂಬದವರು ಹೋಮರನನ್ನು ಕಲಿಸಬಾರದೆಂದು ಕ್ರೈಸ್ತ ಅಧ್ಯಾಪಕರನ್ನು ತಡೆದ. ನಾಜಿಯಾನ್ಜಸಿನ ಸಂತ ಗ್ರೆಗೋರಿಯವರು ತಮ್ಮ ನಾಲ್ಕನೆಯ ಭಾಷಣದಲ್ಲಿ ಕೇಳಿದ ಪ್ರಶ್ನೆ ಹೆರೊಡೋಟಸನ ಪಟ್ಟಿಯ ಹೃದಯಕ್ಕೇ ತಾಗುತ್ತದೆ: ಗ್ರೀಕ್‌ತನವೆಂದರೆ ಆರಾಧನೆಯೋ, ನುಡಿಯೋ? ನುಡಿಯಾದರೆ ಅದು ನುಡಿಯುವವರೆಲ್ಲರದು, ಯಾವ ದೇವರ ಸ್ವತ್ತೂ ಅಲ್ಲ. ‘ಹೆಲೆನ್’ ಎಂದರೆ ಅನ್ಯದೇವತೆಗಳ ಆರಾಧಕ ಎಂಬ ಅರ್ಥ ಆಗಲೇ ರೂಢಿಯಲ್ಲಿತ್ತು. ಸಂತ ಅಥನಾಸಿಯುಸರು ‘ಹೆಲೆನರ ವಿರುದ್ಧ’ ಎಂಬ ಗ್ರಂಥವನ್ನು ಗ್ರೀಕಿನಲ್ಲೇ ಬರೆದಿದ್ದರು. ಧರ್ಮಸಭೆಯ ಪಿತೃಗಳು ಗ್ರೀಕ್‌ತನವನ್ನು ಇಡಿಯಾಗಿ ಸ್ವೀಕರಿಸಲೂ ಇಲ್ಲ, ಇಡಿಯಾಗಿ ತಳ್ಳಲೂ ಇಲ್ಲ. ಎಳೆಗಳನ್ನು ಬಿಡಿಸಿ, ಆಯ್ದು, ಬೇರೆಯದೇ ಹಗ್ಗ ಹೊಸೆದರು.

ಹೊಸ ಒಡಂಬಡಿಕೆಯ ಓದಿಗೆ

ಈ ಹಿನ್ನೆಲೆಯಲ್ಲಿ ಶುಭಸಂದೇಶದ ಕೆಲವು ಪದಗಳು ಬೇರೆಯಾಗಿ ಕೇಳಿಸುತ್ತವೆ. ಮಗಳ ಬಿಡುಗಡೆಗಾಗಿ ಯೇಸುಸ್ವಾಮಿಯನ್ನು ಬೇಡಿದ ತಾಯಿಯನ್ನು ಸಂತ ಮಾರ್ಕರು ಎರಡು ಪದಗಳಲ್ಲಿ ಪರಿಚಯಿಸುತ್ತಾರೆ (7:26): ಅವಳು ಗ್ರೀಕಳು, ಕುಲದಿಂದ ಸಿರಿಯದ ಫೆನಿಷಿಯದವಳು. ಗ್ರೀಕ್‌ತನವೂ ಕುಲವೂ ಒಬ್ಬಳಲ್ಲೇ ಬೇರೆಬೇರೆಯಾಗಿ ನಿಂತಿವೆ. ಸಂತ ಮತ್ತಾಯರು ಅವಳನ್ನು ಕಾನಾನ್ಯಳೆನ್ನುತ್ತಾರೆ (15:22). ಇಬ್ಬರಲ್ಲಿ ಯಾರು ಸರಿ ಎಂದು ಕೇಳುವುದಕ್ಕಿಂತ, ಒಬ್ಬ ವ್ಯಕ್ತಿ ಮೂರು ಹೆಸರುಗಳನ್ನು ಹೊತ್ತು ಬದುಕಿದ್ದ ಲೋಕ ಅದು ಎಂದು ತಿಳಿಯುವುದು ಮುಖ್ಯ. ಲುಸ್ತ್ರದ ಜನ ಸಂತ ಪೌಲರ ಗ್ರೀಕ್ ಮಾತನ್ನು ಕೇಳಿ ಲುಕವೋನಿಯದ ನುಡಿಯಲ್ಲಿ ಕೂಗಿದರು (ಪ್ರೇಷಿತರ ಕಾರ್ಯಕಲಾಪಗಳು 14:11). ಅವರು ಬಲಿಕೊಡಲು ಬಂದದ್ದು ಗ್ರೀಕ್ ಹೆಸರಿನ ದೇವರ ಅರ್ಚಕನೊಡನೆ. ‘ಗ್ರೀಕ್ ಜಗತ್ತಿಗೆ ಶುಭಸಂದೇಶ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಮಾತು ಪೌಲರ ಕಾಲಡಿಯಲ್ಲಿ ಊರೂರಿಗೂ ಬದಲಾಗುತ್ತಿತ್ತು.

ಅಥೆನ್ಸಿನ ಅರಿಯೋಪಾಗದಲ್ಲಿ ಪೌಲರು ಆಡಿದ ಮಾತಿನ ಹರಿತವೂ ಆಗ ತಿಳಿಯುತ್ತದೆ. ದೇವರು ಎಲ್ಲ ಜನಾಂಗಗಳನ್ನೂ ಒಂದರಿಂದಲೇ ಉಂಟುಮಾಡಿದರು ಎನ್ನುತ್ತಾರೆ ಅವರು (17:26). ಕೆಲವು ಹಸ್ತಪ್ರತಿಗಳು ಇಲ್ಲಿ ‘ರಕ್ತ’ ಎಂಬ ಪದವನ್ನೂ ಸೇರಿಸುತ್ತವೆ. ಸ್ಪಾರ್ಟದ ಮುಂದೆ ಸಮಾನ ರಕ್ತವನ್ನು ಎತ್ತಿಹಿಡಿದ ಅದೇ ನಗರಕ್ಕೆ, ತಾವು ಈ ಮಣ್ಣಿನಿಂದಲೇ ಮೂಡಿದವರೆಂದು ಬೀಗಿದವರ ಮಕ್ಕಳಿಗೆ, ಪರನಾಡಿನ ಯೆಹೂದ್ಯನೊಬ್ಬ ಆ ಸಮಾನತೆಗೆ ಎಲ್ಲೆಯ ಕಲ್ಲಿಲ್ಲವೆಂದು ತಿಳಿಸುತ್ತಿದ್ದಾನೆ.

ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ಗ್ರೀಕ, ಯೆಹೂದ್ಯ, ಬಾರ್ಬರರೊಡನೆ ಸಿಥಿಯದವನ ಹೆಸರೂ ಬರುತ್ತದೆ (3:11). ಅದಕ್ಕೆ ಮೊದಲು ಹಳೆಯ ಮನುಷ್ಯನನ್ನು ಕಳಚಿ ಹೊಸಬನನ್ನು ತೊಡುವ ಉಡುಗೆಯ ರೂಪಕವಿದೆ. ಹೆರೊಡೋಟಸನಲ್ಲಿ ಸಿಥಿಯದ ಅರಸ ಸ್ಕಿಲಿಸನ ಕಥೆಯಿದೆ (4.78-80). ತಾಯಿಯಿಂದ ಗ್ರೀಕ್ ಕಲಿತ ಅವನು ತನ್ನ ಸೇನೆಯನ್ನು ಹೊರಗೆ ಬಿಟ್ಟು, ಗ್ರೀಕ್ ನಗರದ ಬಾಗಿಲು ಮುಚ್ಚಿಸಿ, ಉಡುಗೆ ಬದಲಿಸಿ, ತಿಂಗಳುಗಟ್ಟಲೆ ಗ್ರೀಕನಾಗಿ ಬಾಳಿ, ಮತ್ತೆ ಸಿಥಿಯದ ಉಡುಗೆ ತೊಟ್ಟು ಹೊರಡುತ್ತಿದ್ದ. ಡಯೊನೈಸಸನ ಆರಾಧನೆಯಲ್ಲಿ ಪಾಲ್ಗೊಂಡದ್ದನ್ನು ತನ್ನ ಜನ ಕಂಡಾಗ ಸಹೋದರನ ಕೈಯಲ್ಲೇ ತಲೆ ಕಳೆದುಕೊಂಡ. ಪತ್ರದ ಲೇಖಕರು ಈ ಕಥೆಯನ್ನು ಬಲ್ಲರೆಂದು ಹೇಳಲು ಆಧಾರವಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದಾಗ ಮಾತ್ರ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸ್ಕಿಲಿಸ್ ಒಂದು ಜನಾಂಗದ ಉಡುಗೆ ಕಳಚಿ ಇನ್ನೊಂದರದನ್ನು ತೊಡಬೇಕಾಗಿತ್ತು, ಅದೂ ಗುಟ್ಟಾಗಿ. ಪತ್ರ ಹೇಳುವ ಹೊಸ ಉಡುಗೆ ಯಾವ ಜನಾಂಗದ್ದೂ ಅಲ್ಲ. ಅದನ್ನು ತೊಟ್ಟವನು ಸಿಥಿಯದವನಾಗಿಯೇ ಹಗಲು ಬೆಳಕಿನಲ್ಲಿ ಬಲಿಪೀಠದ ಬಳಿ ನಿಲ್ಲಬಹುದು.

ಹೀಗಾಗಿ ಗ್ರೀಕ್ ಉಡುಗೆಯೋ ಚರ್ಮವೋ ಎಂಬ ನಮ್ಮ ಜಗಳದ ಪ್ರಶ್ನೆಯೇ ತುಸು ವಾಲಿಕೊಂಡಿದೆ. ಕಳಚಲು ಒಂದೇ ಉಡುಗೆ ಅಲ್ಲಿರಲಿಲ್ಲ; ಕಾಪಾಡಲು ಒಂದೇ ಚರ್ಮವೂ ಇರಲಿಲ್ಲ. ರೇಗನ್ಸ್‌ಬರ್ಗಿನಲ್ಲಿ ಬೆನೆಡಿಕ್ಟರು ಎತ್ತಿಹಿಡಿದದ್ದು ವಿವೇಚನೆಯೊಡನೆ ವಿಶ್ವಾಸಕ್ಕಿರುವ ನಂಟನ್ನು. ಆರಂಭದ ಧರ್ಮಸಭೆಯ ಅಳವಡಿಕೆಯಲ್ಲಿ ಎಲ್ಲ ಸಂಸ್ಕೃತಿಗಳೂ ಸ್ವೀಕರಿಸಬೇಕಿಲ್ಲದ ಅಂಶಗಳಿವೆ ಎಂದು ಅವರೇ ಒಪ್ಪಿದ್ದರು. ‘ಫಿದೆಸ್ ಎತ್ ರಾಸಿಯೊ’ ಕೂಡ ಭಾರತಕ್ಕೆ ಎರಡೂ ಕಡೆಯ ಎಚ್ಚರಿಕೆ ನೀಡುತ್ತದೆ: ಗಳಿಸಿದ್ದನ್ನು ಬಿಡಬೇಡಿ, ಆದರೆ ಯಾವ ಸಂಸ್ಕೃತಿಯೂ ತನ್ನ ಭಿನ್ನತೆಯೊಳಗೆ ಬಾಗಿಲು ಹಾಕಿಕೊಳ್ಳಬಾರದು. ಆ ಎರಡನೆಯ ಮಾತು ‘ಭಾರತೀಯ’ ಎಂಬ ವಿಶೇಷಣಕ್ಕೂ ಅಷ್ಟೇ ಸಲ್ಲುತ್ತದೆ. ಗ್ರೀಕರ ಒಂದೇ ಎರಕವನ್ನು ಒಡೆದು, ನಮ್ಮದಕ್ಕೆ ಇನ್ನೊಂದು ಎರಕ ಹೊಯ್ದರೆ ಕಲಿತಂತಾಗಲಿಲ್ಲ.

ಕೊನೆಯದಾಗಿ ಅರ್ಚನೆಯ ಕಡೆಗೆ. ರಕ್ತ, ನುಡಿ, ಬಲಿಪೀಠ, ಆಚಾರ ಎಂಬ ಪಟ್ಟಿಯಲ್ಲಿ ಬಲಿಪೀಠ ಮೂರನೆಯದು. ಸಮಾನ ರಕ್ತ, ಸಮಾನ ನುಡಿ ಇದ್ದವರಿಗೆ ಸಮಾನ ಬಲಿ. ಅಂತಿಯೋಕ್ಯದಲ್ಲಿ ಪೇತ್ರರು ಅನ್ಯಜನರ ಊಟದ ಪಂಕ್ತಿಯಿಂದ ಹಿಂದೆ ಸರಿದಾಗ ಪೌಲರು ಮುಖಾಮುಖಿ ವಿರೋಧಿಸಿದ್ದು (ಗಲಾತ್ಯ 2:11-14) ಈ ಕ್ರಮವನ್ನೇ. ಅವರ ಸುವಾರ್ತೆಯಲ್ಲಿ ಪಂಕ್ತಿ ಮೊದಲು. ಕ್ರಿಸ್ತರ ರಕ್ತದಿಂದ ದೂರದವರು ಹತ್ತಿರವಾಗುತ್ತಾರೆ (ಎಫೆಸ 2:13). ಸಮಾನ ರಕ್ತ ಬಲಿಯ ಷರತ್ತಲ್ಲ, ಬಲಿಯ ಫಲ. ಧರ್ಮಕೇಂದ್ರವೊಂದರಲ್ಲಿ ಬಲಿಪೂಜೆಯ ಭಾಷೆ ಯಾವುದು, ಮೊದಲ ಸಾಲು ಯಾರದು, ಮೆರವಣಿಗೆಯ ಪಲ್ಲಕ್ಕಿಗೆ ಹೆಗಲು ಯಾರದು ಎಂಬ ಪ್ರಶ್ನೆ ಎದ್ದಾಗ, ಅಲ್ಲಿನ ಯಾಜಕನ ಮುಂದೆ ಇರುವುದು ಹೆರೊಡೋಟಸನ ನಾಲ್ಕು ಪದಗಳೇ. ಅವುಗಳಲ್ಲಿ ಯಾವುದನ್ನು ಮೊದಲು ಹೇಳುತ್ತಾನೆ ಎಂಬುದರಿಂದ ಅವನು ಯಾವ ಬಲಿಪೀಠದ ಸೇವಕನೆಂಬುದು ತಿಳಿಯುತ್ತದೆ.